ಹಿನ್ನೀರಿನ ದಂಡೆಯ ಮನೆಗೆ ಯಾವ ಮಾಡು? ನಾಡಹಂಚು, ಮಂಗಳೂರು ಹಂಚು, ಶೀಟು

ಅಡಿಕೆ ಕೊಯ್ಲು ಮುಗಿದು ಹೋಳಿ ಹುಣ್ಣಿಮೆ ಕಳೆದ ಮೇಲೆ, ಭರಣಿ ಮಳೆ ಬೀಳುವುದರೊಳಗೆ ಸಿಗುವ ಕೆಲವು ವಾರಗಳು ಮಾಡಿನ, ಅಂದರೆ ಮನೆಯ ಚಾವಣಿಯ, ಕೆಲಸದವು. ಆಗ ಹಂಚು ಒಣಗಿ ಹಗುರಾಗಿರುತ್ತದೆ, ಕೆಲಸಕ್ಕೆ ಜನ ಸಿಗುತ್ತಾರೆ, ತೋಟದ ದಾರಿಯಲ್ಲಿ ಗಾಡಿಯ ಚಕ್ರ ಹೂಳುವುದಿಲ್ಲ. ಯುಗಾದಿ ಹೊತ್ತಿಗೆ ಕೈ ಹಾಕದ ಮಾಡು ಮಿರಗದ (ಮೃಗಶಿರಾ) ಮಳೆಯಲ್ಲಿ ಸೋರುತ್ತದೆ.

ಇಲ್ಲಿ ಹೋಲಿಸುತ್ತಿರುವುದು ಒಂದೇ ಅಂಗಳದ ಸುತ್ತ ಇರುವ ಮೂರು ಮಾಡುಗಳನ್ನು: ಜಗುಲಿಯ ಮೇಲೆ ನಾಡಹಂಚು (ಅರೆಗೊಳವೆಯಂಥ ಹಂಚು), ಒಳಮನೆಗೆ ಮಂಗಳೂರು ಹಂಚು, ಬಚ್ಚಲು ಮತ್ತು ಕಟ್ಟಿಗೆ ಮನೆಗೆ ಬಣ್ಣದ ಶೀಟು. ಮೂರಕ್ಕೂ ಅದೇ ಬಿಸಿಲು, ಅದೇ ಮಳೆ, ಅದೇ ಮಂಗ. ಜಾಗ ಶರಾವತಿ ಹಿನ್ನೀರಿನ ತುಮರಿ ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮೂರು ಕಡೆ ನೀರು, ಒಂದು ಕಡೆ ಘಟ್ಟದ ಕಾಡು ಉಳಿದ ಈ ನೆಲವನ್ನು ಎಲ್ಲರೂ ದ್ವೀಪ ಎಂದೇ ಕರೆಯುವುದು. ದ್ವೀಪದ ಮನೆಗೆ ಮಾಡು ಆರಿಸುವಾಗ ಸಾಗರ ಪೇಟೆಯ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಬೇಸಗೆಯಲ್ಲಿ ನೀರು ಇಳಿದು ಬಯಲಾದ ದಂಡೆಯ ಮೇಲಿಂದ ಗಾಳಿ ಎಲ್ಲೂ ತಡೆಯಿಲ್ಲದೆ ಬಂದು ನೇರ ಸೂರಿನ ಅಡಿಗೇ ನುಗ್ಗುತ್ತದೆ.

ಮೊದಲು ತೂಕ. ಮಂಗಳೂರು ಹಂಚು ನೂರು ಚದರಡಿಗೆ ಸುಮಾರು 140 ಬೇಕು. ಒಂದೊಂದು ಎರಡೂವರೆ ಕಿಲೋ ಹಿಡಿದರೂ 350 ಕಿಲೋ ಆಯಿತು. ಆಷಾಢದಲ್ಲಿ ನೆನೆದು ಕೂತಾಗ ಇನ್ನೂ ಹೆಚ್ಚು. ಅರ್ಧ ಮಿಲಿಮೀಟರ್ ದಪ್ಪದ ಶೀಟು ಅಷ್ಟೇ ಜಾಗಕ್ಕೆ 45 ಕಿಲೋ ಆಸುಪಾಸು. ಶೀಟು ಹಾಕಿದರೆ ಮರ ಉಳಿಯುತ್ತದೆ ಅನ್ನುವ ಮಾತು ನಿಜ. ಆದರೆ ಆ ಹಗುರವೇ ಹಿನ್ನೀರಿನ ಗಾಳಿಗೆ ಹಿಡಿ ಕೊಡುತ್ತದೆ.

ನಾಡಹಂಚಿನ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇದಕ್ಕೆ ಕೊಂಡಿ ಇಲ್ಲ. ಒಂದರ ಮೇಲೊಂದು ಒರಗಿ, ತನ್ನ ಭಾರಕ್ಕೇ ನಿಲ್ಲುತ್ತದೆ. ಹಾಗಾಗಿ ಇಳಿಜಾರು ಒಂದು ಅಡಿ ಅಡ್ಡಕ್ಕೆ 6ರಿಂದ 7 ಇಂಚು ಎತ್ತರದೊಳಗೇ ಇರಬೇಕು. ಅದಕ್ಕಿಂತ ಕಡಿದಾದರೆ ಹಂಚು ಜಾರುತ್ತದೆ, ಚಪ್ಪಟೆಯಾದರೆ ನೀರು ಹಿಂದಕ್ಕೆ ಸರಿದು ಒಳಗಿಳಿಯುತ್ತದೆ. ಮಲಗಿದ ಹಂಚು ನೀರು ಹೊರುವುದು, ಕವುಚಿದ ಹಂಚು ಸಂದಿ ಮುಚ್ಚುವುದು. ಗಟ್ಟಿಯಾದದ್ದು ಯಾವಾಗಲೂ ಅಡಿಗೆ ಹೋಗಬೇಕು. ಅಂಚು ಮುಕ್ಕಾದದ್ದು ಮೇಲೆ ಕವುಚಿದರೂ ನಡೆಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಕಣ್ ಅನ್ನಬೇಕು. ಬದ್ ಅಂದರೆ ಕಣ್ಣಿಗೆ ಕಾಣದ ಬಿರುಕಿದೆ.

ಕೈಯಾಡಿಸುವ, ಅಂದರೆ ಹಂಚು ಬಿಚ್ಚಿ ಗುಡಿಸಿ ಮತ್ತೆ ಹೊದಿಸುವ, ಕ್ರಮ ಹೀಗೆ. ಹಿಂದಿನ ದಿನ ನಡುಮಧ್ಯಾಹ್ನ ಅಟ್ಟ ಹತ್ತಿ, ಬಾಗಿಲು ಕಿಟಕಿ ಮುಚ್ಚಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಕೂರಬೇಕು. ಹಂಚು ಸರಿದ ಕಡೆಯೆಲ್ಲ ಬಿಸಿಲು ಕೋಲಿನ ಹಾಗೆ ಇಳಿಯುತ್ತದೆ, ಅದರಲ್ಲಿ ಧೂಳು ತೇಲುವುದೂ ಕಾಣುತ್ತದೆ. ಆ ಜಾಗದ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಸುಣ್ಣದ ಗುರುತು ಹಾಕಿ. ನೆಲದ ಮೇಲೆ ನೀರು ತೊಟ್ಟಿಕ್ಕಿದ ಜಾಗವನ್ನು ನಂಬಬೇಡಿ. ನೀರು ಪಕಾಸಿನ (ರೀಪನ್ನು ಹೊರುವ ಇಳಿಜಾರು ಮರದ) ಅಡಿಯಲ್ಲಿ ಮೂರು ನಾಲ್ಕು ಅಡಿ ಹರಿದು ಬಂದು ಬೀಳುತ್ತದೆ. ಮರುದಿನ ಬೆಳಿಗ್ಗೆ ಸೂರಿನಿಂದ ಶುರು ಮಾಡಿ, ಎರಡು ಮಾರು ಅಗಲದ ಪಟ್ಟಿ ಬಿಚ್ಚಿ ಪಕ್ಕದಲ್ಲಿ ಪೇರಿಸಿ, ದರಕು (ಒಣಗಿದ ಎಲೆ), ಇಲಿ ಗೂಡು, ಮಣ್ಣು ಎಲ್ಲ ಗುಡಿಸಿ, ಕೆಳಗಿಂದ ಮೇಲಕ್ಕೆ ಮತ್ತೆ ಹೊದಿಸುತ್ತ ಹೋಗುವುದು. ಕಾಲು ಪಕಾಸಿನ ಗೆರೆಯ ಮೇಲೇ ಬೀಳಬೇಕು, ಇಲ್ಲವೇ ಏಣಿ ಮಲಗಿಸಿ ಅದರ ಮೇಲೆ ಕೂರಬೇಕು. ಮೇಲೆ ಪಳಗಿದವರು ಇಬ್ಬರು, ಕೆಳಗಿಂದ ಕೊಡುವವರು ಒಬ್ಬರು ಇದ್ದರೆ ದಿನಕ್ಕೆ ಒಂದು ಅಂಕಣ (ಎರಡು ಕಂಬಗಳ ನಡುವಿನ ಭಾಗ) ನೀಟಾಗಿ ಮುಗಿಯುತ್ತದೆ. ಅವಸರ ಮಾಡಿದ ಅಂಕಣವೇ ಮೊದಲು ಸೋರುವುದು.

ಇಷ್ಟೆಲ್ಲ ಮಾಡಿದ ಮೇಲೆ ಮಂಗ ಬರುತ್ತದೆ. ಒಂದು ಹಿಂಡು ಮಾಡಿನ ಮೇಲೆ ಒಂದು ಸಲ ಓಡಿದರೆ ವಾರದ ಕೆಲಸ ಹಾಳು. ನಾಡಹಂಚಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಹೀಗಿದ್ದೂ ಚೈತ್ರದ ಮಧ್ಯಾಹ್ನ ಮೂರು ಗಂಟೆಗೆ ಆ ಜಗುಲಿಯಲ್ಲಿ ಮಲಗಿದ ಸುಖ ಬೇರೆ ಎರಡರ ಅಡಿಯಲ್ಲೂ ಇಲ್ಲ. ಎರಡು ಪದರದ ನಡುವಿನ ಗಾಳಿ, ನೂರಾರು ಸಣ್ಣ ಸಂದಿ, ಎಲ್ಲ ಸೇರಿ ಬಿಸಿಯನ್ನು ಮೇಲೆಯೇ ಬಿಟ್ಟುಬಿಡುತ್ತವೆ.

ಮಂಗಳೂರು ಹಂಚು 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಘಟ್ಟ ಹತ್ತಿ ಬಂದ ಮಾಲು. ಕೊಂಡಿ ಇರುವುದರಿಂದ ಇಳಿಜಾರನ್ನು ಅಡಿಗೆ 7ರಿಂದ 8 ಇಂಚಿಗೆ ಏರಿಸಬಹುದು. ನಮ್ಮ ಮಳೆಗೆ ಅಷ್ಟು ಬೇಕೇ ಬೇಕು. ಇದರಲ್ಲಿ ಕೆಡುವುದು ಹೆಚ್ಚಾಗಿ ರೀಪಿನ ಅಂತರದಲ್ಲಿ. ಬಡಗಿ ಅಭ್ಯಾಸಬಲದಿಂದ 12 ಇಂಚು ಅಥವಾ 13 ಇಂಚು ಅಂತ ಹೊಡೆದುಬಿಟ್ಟರೆ ಆಮೇಲೆ ಏನು ಮಾಡಿದರೂ ಸರಿಹೋಗದು. ತಂದ ಹಂಚಿನಲ್ಲೇ ಹತ್ತನ್ನು ನೆಲದ ಮೇಲೆ ಒಂದಕ್ಕೊಂದು ಕೊಂಡಿ ಹಾಕಿ, ಪೂರ್ತಿ ಎಳೆದು ಒಮ್ಮೆ, ಪೂರ್ತಿ ಒತ್ತಿ ಒಮ್ಮೆ ಅಳೆದು, ಎರಡರ ಸರಾಸರಿಯಿಂದ ಒಂದು ಹಂಚಿನ ಅಂತರ ತೆಗೆಯಿರಿ. ಸಾಮಾನ್ಯವಾಗಿ 12.5 ಇಂಚಿನ ಹತ್ತಿರ ಬರುತ್ತದೆ. ಕಾಲು ಇಂಚು ಹೆಚ್ಚಾದರೆ ಮೇಲುಹಂಚಿನ ತುಟಿ ಎದ್ದು ನಿಲ್ಲುತ್ತದೆ, ಗಾಳಿಮಳೆ ಅಲ್ಲೇ ಒಳಗೆ ಚಿಮ್ಮುತ್ತದೆ. ಪಕಾಸಿನ ನಡುವೆ 18 ಇಂಚಿಗಿಂತ ಹೆಚ್ಚು ಬಿಟ್ಟರೆ ಎರಡಿಂಚಿನ ರೀಪು ಕೆಲವೇ ಮಳೆಗಾಲದಲ್ಲಿ ಬಾಗಿ, ಮಾಡಿಗೆ ಹೊಟ್ಟೆ ಬರುತ್ತದೆ.

ನೀರಿನ ಕಡೆ ಮುಖ ಮಾಡಿದ ಸೂರಿನ ಮೊದಲ ಎರಡು ಸಾಲು ಹಂಚನ್ನು ಕಟ್ಟಲೇಬೇಕು. ಹಂಚಿನ ಹಿಂಬದಿಯಲ್ಲಿ ತೂತಿರುವ ಒಂದು ಕಿವಿ ಇರುತ್ತದೆ. ತುಂಬ ಜನ ಅದು ಯಾಕಿದೆ ಅಂತಲೇ ಗಮನಿಸುವುದಿಲ್ಲ. ತುಕ್ಕು ಹಿಡಿಯದ ತಂತಿಯನ್ನು ಅದರೊಳಗೆ ಪೋಣಿಸಿ ರೀಪಿಗೆ ಸುತ್ತಿದರೆ ಸಾಕು. ಕಟ್ಟದ ಸಾಲು ಬೇಸಗೆಯ ಮೊದಲ ಗುಡುಗು ಮಳೆಯ ಗಾಳಿಗೇ ಏಳುತ್ತದೆ, ಅದರ ಹಿಂದಿನ ಸಾಲುಗಳೂ ಸಡಿಲವಾಗುತ್ತವೆ. ಪಾಚಿಯನ್ನು ಒಣಗಿದ್ದಾಗ ತೆಂಗಿನ ನಾರಿನ ಬ್ರಶ್ಶಿನಲ್ಲಿ ತಿಕ್ಕಿ ತೆಗೆಯಬೇಕು. ನೀರಿನ ಪಂಪು ಹಿಡಿದು ಹೊಡೆದರೆ ಹಂಚಿನ ಮೇಲ್ಮೈ ಕಿತ್ತು, ಮುಂದಿನ ವರ್ಷ ಪಾಚಿ ಇಮ್ಮಡಿ ಹಿಡಿಯುತ್ತದೆ. ಕೆಂಪು ಪೇಂಟು ಹೊಡೆಸುವುದು ಬೇಡ, ಅದು ಚಕ್ಕೆ ಏಳುತ್ತದೆ.

ಹಂಚಿನ ಎರಡು ಮಾಡಿಗೂ ಸಮಾನವಾದ ಒಂದು ಹೊಸ ಕಷ್ಟವಿದೆ. ಒಲೆಯ ಹೊಗೆ ಅಟ್ಟಕ್ಕೆ ಏರುತ್ತಿದ್ದಷ್ಟು ಕಾಲ ಪಕಾಸಿಗೆ ಹುಳ ಬೀಳುತ್ತಿರಲಿಲ್ಲ. ಗ್ಯಾಸು ಬಂದ ಮನೆಗಳಲ್ಲಿ ಮರದಿಂದ ಹಿಟ್ಟು ಉದುರುತ್ತಿದೆ. ಕೈಯಾಡಿಸುವಾಗ ಮರ ಬಯಲಾಗಿರುತ್ತದೆ, ಗೇರೆಣ್ಣೆ ಬಳಿಯಲು ಅದೇ ಸಮಯ. ಕೈಗೆ ಗ್ಲೌಸು, ಮೈ ತುಂಬ ಬಟ್ಟೆ ಇರಲಿ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ಶೀಟಿನ ಬಗ್ಗೆ ಹೇಳುವುದು ಕಡಿಮೆ. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ಮಂಗಕ್ಕೆ ಒಡೆಯಲಾಗುವುದಿಲ್ಲ, ಸ್ಕ್ರೂ ಸರಿ ಕೂತಿದ್ದರೆ ಸೋರುವುದೂ ಇಲ್ಲ. ಸ್ಕ್ರೂವಿನ ರಬ್ಬರ್ ವಾಷರನ್ನು ಹೊರಗೆ ಉಬ್ಬಿ ಬರುವಷ್ಟು ಬಿಗಿದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಅಂಚಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ಸ್ಕ್ರೂ ಹಾಕಿ. ಸೆಕೆ ತಡೆಯಲು ಅಡಿಕೆ ಸೋಗೆ (ಒಣ ಗರಿ) ಹೊದಿಸುವ ರೂಢಿ ಇದೆ. ಚೈತ್ರ, ವೈಶಾಖಕ್ಕೆ ಒಳ್ಳೆಯದು. ಆದರೆ ಮಳೆಗೆ ಮುಂಚೆ ಎಳೆದು ಹಾಕದಿದ್ದರೆ ಕೊಳೆತ ಸೋಗೆಯ ಅಡಿಯಲ್ಲಿ ತಗಡು ತೂತಾಗುತ್ತದೆ. ಇನ್ನೊಂದು ಸಂಗತಿ ಗೊತ್ತಿರದೆ ತೊಂದರೆ ಆಗುತ್ತದೆ: ಶಿವರಾತ್ರಿಯ ಆಚೆಯವರೆಗೂ ಇಬ್ಬನಿ ಬೀಳುವ ಬೆಳಗಿನಲ್ಲಿ ಶೀಟಿನ ಒಳಮೈ ಬೆವರುತ್ತದೆ. ಅಡಿಯಲ್ಲಿ ಹರವಿದ ಅಡಿಕೆಯ ಮೇಲೆ ಹನಿ ಬಿದ್ದಲ್ಲೆಲ್ಲ ಬೂಸ್ಟು. ಕಟ್ಟಿಗೆಗೆ, ಬಚ್ಚಲಿಗೆ, ಗಾಡಿ ನಿಲ್ಲಿಸಲಿಕ್ಕೆ ಶೀಟಿಗಿಂತ ಒಳ್ಳೆಯದಿಲ್ಲ. ಜನ ಮಲಗುವ ಕೋಣೆಯ ಮೇಲೆ ಬೇಡ. ಆರಿದ್ರೆ ಮಳೆಯಲ್ಲಿ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ.

ಹೊಸದಾಗಿ ಕಟ್ಟುವವರಿಗೆ ನಮ್ಮ ಮತ ಮಂಗಳೂರು ಹಂಚಿಗೆ, ನೀರಿನ ಕಡೆಯ ಸೂರು ತಂತಿ ಕಟ್ಟಿದ್ದಾಗಿರಬೇಕು. ಇರುವ ನಾಡಹಂಚಿನ ಜಗುಲಿಯನ್ನು ಕೈಯಾಡಿಸಬಲ್ಲವರು ಊರಲ್ಲಿ ಒಬ್ಬರಿದ್ದರೂ ಕಿತ್ತು ಹಾಕಬೇಡಿ. ಅವರ ಜೊತೆ ಮನೆಯ ಹುಡುಗರನ್ನು ಮಾಡಿಗೆ ಹತ್ತಿಸಿ.

ಹಂಚು ತರಿಸುವ ಕಷ್ಟ ಈಗ ಮೊದಲಿನಂತಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಲೋಡು ಹಿನ್ನೀರು ದಾಟಲು ಲಾಂಚ್ ಕಾಯಬೇಕಾಗಿಲ್ಲ. ಆದರೂ ತೋಟದ ದಾರಿಯ ಕುಲುಕಾಟ ಹಾಗೇ ಇದೆ. ಹಂಚನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಸಾಲಿನ ನಡುವೆ ಹುಲ್ಲು ಕೊಟ್ಟು ತುಂಬಿಸಿ. ನೂರಕ್ಕೆ ಐದು ಹೆಚ್ಚೇ ತನ್ನಿ. ಒಂದು ಕಾರ್ಖಾನೆಯ ಅಚ್ಚಿನ ಹಂಚು ಇನ್ನೊಂದರ ಕೊಂಡಿಗೆ ಕೂರುವುದಿಲ್ಲ. ನಾಲ್ಕು ವರ್ಷದ ನಂತರ ಹತ್ತು ಹಂಚಿಗೆ ಹುಡುಕಿದರೆ ಅದೇ ಅಚ್ಚು ಸಿಗದಿರಬಹುದು. ಉಳಿದದ್ದನ್ನು ಕಟ್ಟಿಗೆ ಮನೆಯ ಗೋಡೆಗೆ, ನೆಲದ ತೇವ ತಾಗದಂತೆ ಹಲಗೆಯ ಮೇಲೆ ಒರಗಿಸಿಡಿ.