ಹ್ಯಾಂಬಲ್ ನದಿಯ ನಮ್ಮ ಮರೀನಾ, ಲಾಕ್‌ಡೌನ್ ವರ್ಷದ ಅನುಭವ (5ಕ್ಕೆ 4 ಸ್ಟಾರ್)

ಇಂಗ್ಲೆಂಡಲ್ಲಿ ಸೌತ್‌ಹ್ಯಾಂಪ್ಟನ್ ಹತ್ರ ಹ್ಯಾಂಬಲ್ ಅಂತ ಒಂದು ಚಿಕ್ಕ ನದಿ, ಚಿಕ್ಕದಾದ್ರೂ ಸಮುದ್ರ ಸೇರೋ ಕಡೆ ಎತ್ತ ನೋಡಿದ್ರೂ ಬೋಟೇ ಬೋಟು. ಅಲ್ಲಿರೋ ಒಂದು ಮರೀನಾದಲ್ಲಿ (ಬಾಡಿಗೆಗೆ ಬೋಟ್ ಕಟ್ಟಿ ಇಡೋ ಜಾಗ) ನಾವು ಮೂರು ಮನೆಯವರು ಸೇರಿ ತಗೊಂಡ 24 ಅಡಿ ಹಾಯಿದೋಣಿ ಇಟ್ಟಿದೀವಿ. ಬೋಟ್ ಇಡೋಕೆ ಜಾಗ ಹುಡುಕ್ತಿರೋರು ಹೇಗಿದೆ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ 2020ರ ಕಥೆ ಬರೀತಿದೀನಿ, ಯಾಕಂದ್ರೆ ಮರೀನಾದವ್ರು ಎಂಥವ್ರು ಅಂತ ನಂಗೆ ಗೊತ್ತಾಗಿದ್ದೇ ನಾವು ಅಲ್ಲಿಗೆ ಕಾಲಿಡೋಕಾಗ್ದೇ ಇದ್ದಾಗ.

ಮಾರ್ಚ್ 23ಕ್ಕೆ ಲಾಕ್‌ಡೌನ್ ಅಂದ್ರು, ಬೋಟ್ ಹತ್ರ ಹೋಗೋ ಹಾಗೇ ಇಲ್ಲ. ನಮ್ಮಪ್ಪ ಮಲ್ಪೆ ಕಡೆಯವ್ರು, ಫೋನಲ್ಲಿ ಮೊದ್ಲು ಕೇಳಿದ್ದೇ "ಹಗ್ಗ ಯಾರು ನೋಡ್ತಾರೆ ಮಗಾ?" ಅಂತ. ಮಳೆಗಾಲದಲ್ಲಿ ಬೋಟ್‌ಗಳೆಲ್ಲ ಬಂದರಲ್ಲಿ ಕಟ್ಟಿ ನಿಂತಿರೋದನ್ನ ನೋಡಿ ಬೆಳೆದವ್ರಲ್ವಾ, ಗೊತ್ತು ಅವ್ರಿಗೆ. ನಿಂತ ಬೋಟಿಗೇ ಕಾಟ ಜಾಸ್ತಿ, ಗಾಳಿಗೆ ಅಲ್ಲಾಡಿ ಅಲ್ಲಾಡಿ ಹಗ್ಗ ಸವೆಯುತ್ತೆ, ಮಳೆ ನೀರು ಒಳಗೆ ಸೇರ್ಕೊಳ್ಳುತ್ತೆ, ಬ್ಯಾಟರಿ ಇಳಿದೋಗುತ್ತೆ.

ಆಫೀಸ್ ಮುಚ್ಚಿತ್ತು, ಅರ್ಧ ಸ್ಟಾಫ್ ಫರ್ಲೋ ಮೇಲೆ ಮನೇಲಿ (ಅಂದ್ರೆ ಕೆಲ್ಸದಿಂದ ತೆಗೀದೇ ತಾತ್ಕಾಲಿಕ ರಜೆ, ಸರ್ಕಾರ ಸಂಬಳದ 80 ಪರ್ಸೆಂಟ್, ತಿಂಗಳಿಗೆ 2500 ಪೌಂಡ್ ತನಕ ಕೊಡ್ತಿತ್ತು). ಉಳಿದ ಮೂರ್ನಾಲ್ಕು ಜನಾನೇ ಬೆಳಗ್ಗೆ ಸಂಜೆ ಪಾಂಟೂನ್ (ಬೋಟ್ ಕಟ್ಟೋ ತೇಲೋ ಕಟ್ಟೆ) ಪೂರ್ತಿ ಸುತ್ತು ಹಾಕ್ತಿದ್ರು. ಏಪ್ರಿಲಲ್ಲಿ ಒಂದ್ ರಾತ್ರಿ ಗಾಳಿ ಜೋರಾಗಿತ್ತು, ಬೆಳಗ್ಗೆ ಎದ್ದು ನೋಡಿದ್ರೆ ಮೇಲ್ ಬಂದಿತ್ತು, ಜೊತೆಗೆ ಎರಡು ಫೋಟೋ. ಒಂದ್ರಲ್ಲಿ ನಮ್ಮ ಮುಂದಿನ ಹಗ್ಗ ಎಳೆ ಎಳೆಯಾಗಿ ಬಿಚ್ಕೊಂಡು ಮೂರನೇ ಒಂದು ಭಾಗ ಮಾತ್ರ ಉಳಿದಿದೆ. ಇನ್ನೊಂದ್ರಲ್ಲಿ ಹೊಸ ಹಗ್ಗ ಕಟ್ಟಿ, ಉಜ್ಜೋ ಜಾಗಕ್ಕೆ ತೋಟದ ನೀರಿನ ಪೈಪಿನ ಒಂದು ಗೇಣು ತುಂಡು ತೊಡಿಸಿದಾರೆ. ಬಿಲ್ ಹಗ್ಗದ್ದು ಮಾತ್ರ, ಕೆಲ್ಸಕ್ಕೆ ಒಂದು ಪೌಂಡೂ ಹಾಕ್ಲಿಲ್ಲ. ಆ ಫೋಟೋನ ಅಪ್ಪಂಗೂ ಕಳಿಸ್ದೆ.

ಬಾಡಿಗೆ ಮಾತ್ರ ಒಂದು ಪೈಸೆ ಬಿಡ್ಲಿಲ್ಲ, ಕಂತಲ್ಲಿ ಕಟ್ಟಿ ಅಂದ್ರು ಅಷ್ಟೇ. ಆಗ ಸಿಟ್ಟು ಬಂದಿದ್ದು ನಿಜ. ಆದ್ರೆ ಬೋಟ್‌ಗಳೆಲ್ಲ ಅಲ್ಲೇ ಇದ್ವು, ಅವುಗಳ ಕಾವಲು ಇತ್ತು, ಪಾಂಟೂನಿಗೆ ಕರೆಂಟ್ ಇತ್ತು, ನಾವೊಬ್ರು ಹೋಗಿಲ್ಲ ಅನ್ನೋದ್ ಬಿಟ್ರೆ ಅವ್ರ ಖರ್ಚೇನು ಕಮ್ಮಿ ಆಗಿರುತ್ತೆ ಹೇಳಿ.

ಮೇ 13ಕ್ಕೆ ಇಂಗ್ಲೆಂಡಲ್ಲಿ ಬೋಟಿಂಗಿಗೆ ಮತ್ತೆ ಅನುಮತಿ ಕೊಟ್ರು. ಹೊರಗಡೆ ಬೇರೆ ಮನೆಯ ಒಬ್ರನ್ನ ಮಾತ್ರ, ಅದೂ 2 ಮೀಟರ್ ದೂರದಲ್ಲಿ ಭೇಟಿ ಆಗ್ಬೋದಿತ್ತು, 24 ಅಡಿ ಬೋಟಲ್ಲಿ 2 ಮೀಟರ್ ಎಲ್ಲಿಂದ ತರೋದು, ಹಾಗಾಗಿ ಮೂರು ಮನೆಯವ್ರು ಸರದಿ ಹಾಕ್ಕೊಂಡ್ವಿ. ಮರೀನಾದವ್ರ ವ್ಯವಸ್ಥೆ ಇಲ್ಲಿ ತುಂಬಾ ಇಷ್ಟ ಆಯ್ತು. ದಡದ ಕಡೆಯಿಂದ ಯಾರಾದ್ರೂ ಬರ್ತಿದ್ರೆ ನೀವು ನಿಮ್ಮ ಬೋಟ್ ಪಕ್ಕದ ಸಣ್ಣ ಫಿಂಗರ್ (ಪಾಂಟೂನಿಂದ ಚಾಚಿರೋ ಕಿರಿದಾದ ಕಟ್ಟೆ) ಮೇಲೆ ನಿಂತು ದಾರಿ ಬಿಡ್ಬೇಕಿತ್ತು, ಸಾಮಾನು ತಳ್ಳೋ ಟ್ರಾಲಿ ಪಕ್ಕದಲ್ಲೇ ಸ್ಯಾನಿಟೈಸರ್ ಬಾಟಲ್. ವಾಪಸ್ ಬಂದಾಗ ಮೊದ್ಲಿನ ತರ ಹಗ್ಗ ಹಿಡ್ಕೊಳ್ಳೋಕೆ ಯಾರೂ ಬರ್ತಿರ್ಲಿಲ್ಲ, ಆದ್ರೆ ರೇಡಿಯೋ ಚಾನೆಲ್ 80ರಲ್ಲಿ ಕರೆದ್ರೆ ತಕ್ಷಣ ಉತ್ರ ಬರ್ತಿತ್ತು, ಗಾಳಿ ಯಾವ ಕಡೆ ತಳ್ತಿದೆ, ಯಾವ ಪಕ್ಕ ಕಟ್ಟಿದ್ರೆ ಸುಲಭ ಅಂತೆಲ್ಲ ದೂರ ನಿಂತೇ ಹೇಳಿಕೊಡ್ತಿದ್ರು. ನನ್ನ ಹೆಂಡ್ತಿ ಹಗ್ಗ ಕಟ್ಟೋದು ಕಲ್ತಿದ್ದೇ ಆಗ.

ಒಂದು ಸ್ಟಾರ್ ಕಟ್ ಮಾಡಿದ್ದು ಬೋಟ್ ನೀರಿಂದ ಮೇಲೆತ್ತೋ ವಿಷ್ಯಕ್ಕೆ. ತಳ ಉಜ್ಜಿ ಬಣ್ಣ ಹೊಡೆಯೋಕೆ ನಮ್ದು ಏಪ್ರಿಲಲ್ಲಿ ಬುಕ್ ಆಗಿತ್ತು, ಕ್ಯಾನ್ಸಲ್ ಮಾಡಿದ್ರು ಸರಿ, ಆದ್ರೆ ಹೊಸ ಡೇಟ್ ಕೊಡೋಕೆ ಜುಲೈ ತನಕ ಸತಾಯಿಸಿದ್ರು, ಎರಡ್ ಸಲ ಮೇಲ್ ಹಾಕಿದ್ರೂ ಸುದ್ದಿ ಇಲ್ಲ. ಎತ್ತಿದಾಗ ತಳದ ತುಂಬ ಪಾಚಿ, ಚಿಪ್ಪು, ಪ್ರೊಪೆಲ್ಲರ್ ಕಾಣ್ತಾನೇ ಇರ್ಲಿಲ್ಲ. ಕ್ಯೂ ಉದ್ದ ಇದೆ ಅಂತ ಒಂದು ಸಾಲು ಬರೆದಿದ್ರೂ ಸಾಕಿತ್ತು.

ಬರ್ತ್ (ಬೋಟ್ ಕಟ್ಟೋ ಜಾಗ) ತಗೊಳ್ಳೋರು ಒಳಗಿನ ಸಾಲನ್ನೇ ಕೇಳಿ, ನದಿ ಕಡೆಯ ಸಾಲಲ್ಲಿ ಹೋಗ್ ಬರೋ ಬೋಟ್‌ಗಳ ಅಲೆ ಜಾಸ್ತಿ. ಮತ್ತೆ ಹಗ್ಗಕ್ಕೆ ಪೈಪಿನ ತುಂಡು ಈಗ್ಲೇ ಹಾಕ್ಕೊಳ್ಳಿ.