ಮಣ್ಣು ಆರೋಗ್ಯ ಚೀಟಿ: ಪರೀಕ್ಷೆ ಸರಿ, ಬರವಣಿಗೆ ಅರ್ಧಂಬರ್ಧ

2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಈ ಸೇವೆ ಹೊಲದ ಮಣ್ಣಿನ ಹನ್ನೆರಡು ಅಂಶಗಳನ್ನು ಅಳೆದು ಕೊಡುತ್ತದೆ: ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ, ಸಾರಜನಕದಿಂದ ಬೋರಾನ್‌ವರೆಗೆ. ಕಡಿಮೆ, ಮಧ್ಯಮ, ಹೆಚ್ಚು ಎಂದು ಬರೆದಿರುವ ಕಾಲಂ ಯಾರಿಗಾದರೂ ಅರ್ಥವಾಗುತ್ತದೆ. ತೊಡಕಿರುವುದು ಅಂಕಿಗಳಲ್ಲಿ. ಎಕರೆ, ಗುಂಟೆ ಎನ್ನುವವರ ಕೈಗೆ ಹೆಕ್ಟೇರಿನ ಲೆಕ್ಕ. ಸತುವಿಗೆ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಬೇರೆ!

ಶಿಫಾರಸು ಹೆಕ್ಟೇರಿಗೆ 100 ಕೆಜಿ ಸಾರಜನಕ, 50 ಕೆಜಿ ರಂಜಕ ಎಂದಿಟ್ಟುಕೊಳ್ಳಿ. 0.4ರಿಂದ ಗುಣಿಸಿದರೆ ಎಕರೆಗೆ 40 ಮತ್ತು 20. ಡಿಎಪಿ ಗೊಬ್ಬರದಲ್ಲಿ ರಂಜಕ ಶೇ. 46, ಸಾರಜನಕ ಶೇ. 18. ಹಾಗಾಗಿ 43 ಕೆಜಿ ಡಿಎಪಿ ಹಾಕಿದರೆ ರಂಜಕ ಮುಗಿಯಿತು, ಜೊತೆಗೆ 8 ಕೆಜಿ ಸಾರಜನಕವೂ ಬಂತು. ಯೂರಿಯಾದಲ್ಲಿ ಸಾರಜನಕ ಶೇ. 46; ಉಳಿದ 32ಕ್ಕೆ ಯೂರಿಯಾ 70 ಕೆಜಿ, ಅಂದರೆ 45ರ ಚೀಲ ಒಂದೂವರೆಗಿಂತ ತುಸು ಹೆಚ್ಚು. ಡಿಎಪಿಯ ಸಾರಜನಕ ಕಳೆಯದಿದ್ದರೆ ಯೂರಿಯಾ 17 ಕೆಜಿ ದಂಡ. ಈ ಎರಡು ಸಾಲನ್ನು ಚೀಟಿಯ ಹಿಂದೆ ಅಚ್ಚು ಹಾಕಲು ಏನು ಕಷ್ಟವೋ.

ಮೊದಲ ಸುತ್ತುಗಳಲ್ಲಿ ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ. ಪಕ್ಕದವರ ಮಣ್ಣಿನ ಫಲಿತಾಂಶವೇ ನಿಮ್ಮ ಹೆಸರಿನಲ್ಲಿರಬಹುದು. ಆದ್ದರಿಂದ ಮಾದರಿಯನ್ನು ನೀವೇ ತೆಗೆದು, ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಎಂಟು-ಹತ್ತು ಕಡೆ ‘ವಿ’ ಆಕಾರದಲ್ಲಿ 15 ಸೆಂ.ಮೀ. ಅಗೆದು, ಬದಿಯ ಮಣ್ಣು ಕೆರೆದು, ಬೆರೆಸಿ ಅರ್ಧ ಕೆಜಿ ಉಳಿಸಿ, ನೆರಳಲ್ಲಿ ಒಣಗಿಸಿ. ಬದು, ತಿಪ್ಪೆ, ಮರದ ಬುಡ ಬಿಡಿ. ಬಕೆಟ್ ಪ್ಲಾಸ್ಟಿಕ್‌ನದೇ ಇರಲಿ. ಸತು ಲೇಪಿಸಿದ ತಗಡಿನದಾದರೆ ಸತುವಿನ ಅಂಕಿ ಸುಳ್ಳು ಹೇಳುತ್ತದೆ.