ಕಡಸು ಗಬ್ಬವೋ ಅಲ್ಲವೋ: ಗೋಧಿ ಕಾಳಿಗಿಂತ ವೈದ್ಯರ ಕೈಯೇ ಮೇಲು

ಸಂತೆಯಲ್ಲಿ ಕೊಂಡ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕಡಸನ್ನು ಮಾರಿದವನು ‘ಮೂರು ತಿಂಗಳ ಗಬ್ಬ’ ಎಂದು ಹೇಳಿ, ಅದಕ್ಕೆಂದೇ ಹೆಚ್ಚು ಬೆಲೆ ಪಡೆದಿದ್ದ. ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದ ದಿನಾಂಕದ ಚೀಟಿ ಕೇಳಿದರೆ ಸಿಗಲಿಲ್ಲ. ನಿಜ ತಿಳಿಯಲು ನಾನು ನೋಡಿದ ದಾರಿಗಳಲ್ಲಿ ಪಶುವೈದ್ಯರಿಂದ ಕೈ ಹಾಕಿಸಿ ನೋಡಿಸುವುದೇ ನನ್ನ ಆಯ್ಕೆ.

ನಮ್ಮೂರಿನಲ್ಲಿ ಹಲವರು ನೆಚ್ಚಿಕೊಂಡಿರುವುದು ಗೋಧಿ ಪರೀಕ್ಷೆಯನ್ನು. ಗಂಜಲಕ್ಕೆ ನಾಲ್ಕು ಪಾಲು ನೀರು ಬೆರೆಸಿ ಕಾಳಿನ ಮೇಲೆ ಹಾಕಿ ಐದು ದಿನ ಬಿಡಬೇಕು. ಮೊಳಕೆ ಚೆನ್ನಾಗಿ ಬಂದರೆ ಗಬ್ಬವಿಲ್ಲ, ಬಾರದಿದ್ದರೆ ಗಬ್ಬ ಎಂಬುದು ಲೆಕ್ಕ. ಖರ್ಚೇನೂ ಇಲ್ಲ. ಗಂಜಲ ಹಿಡಿಯುವುದೂ ಕಷ್ಟವಲ್ಲ. ಯೋನಿಯ ಕೆಳಭಾಗವನ್ನು ಮೆಲ್ಲಗೆ ಸವರಿದರೆ ಹೆಚ್ಚಿನ ರಾಸುಗಳು ಹುಯ್ಯುತ್ತವೆ.

ತೊಡಕಿರುವುದು ಕಾಳಿನಲ್ಲಿ. ನಮ್ಮದು ರಾಗಿ ಬೆಳೆಯುವ ಸೀಮೆ, ಗೋಧಿ ಅಂಗಡಿಯಿಂದಲೇ ಬರಬೇಕು. ಆ ಕಾಳು ಎಷ್ಟು ಹಳೆಯದೋ, ಹುಳುವಿಗೆ ಯಾವ ಔಷಧಿ ಕಂಡಿದೆಯೋ ಯಾರಿಗೆ ಗೊತ್ತು? ಅದಕ್ಕೇ ಪಕ್ಕದಲ್ಲಿ ಬರೀ ನೀರು ಹಾಕಿದ ಇನ್ನೊಂದು ತಟ್ಟೆ ಇರಲೇಬೇಕು. ಇಲ್ಲದಿದ್ದರೆ ಮೊಳೆಯದ ಮುಗ್ಗಲು ಕಾಳೇ ಕಡಸನ್ನು ಗಬ್ಬವೆಂದು ಸಾರಿಬಿಡುತ್ತದೆ.

ಎರಡು ತಟ್ಟೆ ಇಟ್ಟರೂ ನನ್ನ ಸಂಶಯ ತೀರಲಿಲ್ಲ. ನೀರಿನ ತಟ್ಟೆ ಹಸಿರಾಗಿತ್ತು, ಗಂಜಲದ ತಟ್ಟೆಯಲ್ಲಿ ಅರೆಬರೆ ಮೊಳಕೆ. ಗಂಜಲದ ಉಪ್ಪಿನಂಶವೇ ಮೊಳಕೆಯನ್ನು ತಡೆಯಬಲ್ಲದು. ನೀರು ಕಡಿಮೆ ಕುಡಿದ ದಿನ ಗಂಜಲ ಗಟ್ಟಿಯಾಗಿರುತ್ತದೆ, ಆಗ ಅಳತೆಗೆ ಅರ್ಥವೇ ಉಳಿಯುವುದಿಲ್ಲ. ಗಬ್ಬವೆಂದು ಹಿಂಡಿ ಹೆಚ್ಚಿಸಬೇಕೋ, ಬೆದೆಗೆ ಕಾಯಬೇಕೋ? ಅರ್ಧ ಮೊಳೆತ ಕಾಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಬೆದೆ ಕಾಯುವ ಪದ್ಧತಿ ಒಳ್ಳೆಯದೇ: ಇಂಜೆಕ್ಷನ್ ಹಾಕಿಸಿದ 21 ದಿನಗಳ ಆಸುಪಾಸಿನಲ್ಲಿ ಮತ್ತೆ ಬೆದೆಗೆ ಬಂದರೆ ಸಾಮಾನ್ಯವಾಗಿ ಗಬ್ಬ ನಿಂತಿಲ್ಲ. ಆದರೆ ಬೇಸಿಗೆಯಲ್ಲಿ ಸದ್ದಿಲ್ಲದ ಬೆದೆ ಹೆಚ್ಚು. ಕೂಗುವುದಿಲ್ಲ, ಲೋಳೆಯೂ ಕಾಣುವುದಿಲ್ಲ. ಬೆದೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಬ್ಬವೆನ್ನಲಾಗದು.

ಸ್ಕ್ಯಾನಿಂಗ್‌ನಲ್ಲಿ ಒಂದು ತಿಂಗಳ ಹೊತ್ತಿಗೇ ತಿಳಿಯುತ್ತದೆ, ಆದರೆ ನಮ್ಮ ಹಳ್ಳಿಗೆ ಯಂತ್ರ ಬರುವುದಿಲ್ಲ. ಹಾಲಿನ ಪರೀಕ್ಷೆ ಇನ್ನೂ ಕರೆಯದ ಕಡಸಿಗೆ ಒದಗದು. ಸಂತೆಯಲ್ಲಿ ಮೊಲೆ ಹಿಂಡಿ ಅಂಟು ನೋಡುವವರಿದ್ದಾರೆ, ದಯವಿಟ್ಟು ಬೇಡ. ಮೊಲೆತೊಟ್ಟಿನ ಬಿರಡೆ ಕಿತ್ತುಹೋದರೆ ಕೆಚ್ಚಲು ಬಾವು ಬರಲು ದಾರಿಯಾಗುತ್ತದೆ.

ವೈದ್ಯರು ಗುದದ್ವಾರದಲ್ಲಿ ಕೈ ಹಾಕಿ ಗರ್ಭಕೋಶ ಮುಟ್ಟಿದ ಕೂಡಲೇ ವಿಷಯ ಇತ್ಯರ್ಥವಾಯಿತು: ಗಬ್ಬವಿಲ್ಲ. ಅಂಡಾಶಯ ಕೆಲಸ ಮಾಡುತ್ತಿದೆ, ಖನಿಜ ಮಿಶ್ರಣ ಕೊಡಿ, ಬೆದೆ ಗಮನಿಸಿ ಎಂದೂ ಹೇಳಿದರು. ಈ ಎರಡನೆಯ ಮಾತು ಯಾವ ತಟ್ಟೆಯಿಂದಲೂ ಸಿಗುವುದಿಲ್ಲ. ಗಬ್ಬವಿದ್ದರೆ ಎಷ್ಟು ತಿಂಗಳು ಎಂಬ ಅಂದಾಜೂ ಸಿಗುತ್ತದೆ. ಪಳಗಿದ ಕೈಗೆ ಎರಡು ತಿಂಗಳಿಗೇ ತಿಳಿಯಬಹುದು, ಆದರೆ ಕಡಸಿನ ಒಳಜಾಗ ಇಕ್ಕಟ್ಟು. ಅವಸರವಿಲ್ಲದ ನಾನು ಮೂರು ತಿಂಗಳು ತುಂಬಲಿ ಎನ್ನುತ್ತೇನೆ. ಪಳಗದವರಿಂದ ಮಾತ್ರ ಮಾಡಿಸಬೇಡಿ, ಒರಟು ಕೈಯಿಂದ ಗಬ್ಬಕ್ಕೇ ಅಪಾಯ.

ದೊಡ್ಡ ಕೊಟ್ಟಿಗೆಯವರಿಗೆ ಸ್ಕ್ಯಾನಿಂಗ್ ಗಿಟ್ಟಬಹುದು. ಒಂದೆರಡು ರಾಸು ಕಟ್ಟಿದ ನನ್ನಂಥವರು ಇಂಜೆಕ್ಷನ್ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದು, ಬೆದೆ ಗಮನಿಸಿ, ಮೂರನೆಯ ತಿಂಗಳು ತುಂಬಿದಾಗ ವೈದ್ಯರನ್ನು ಕರೆಸಿದರೆ ಸಾಕು. ಚೀಟಿಯಿಲ್ಲದ ಗಬ್ಬದ ಕಡಸು ಕೊಳ್ಳುವವರು ಹಣ ಎಣಿಸುವ ಮೊದಲೇ ವೈದ್ಯರನ್ನು ಕರೆದೊಯ್ಯಿರಿ.